ಎರಡಾಣೆಯಲ್ಲಿ ನಾಳೆಯನ್ನು ಕಂಡ ವೈದ್ಯ: ಡಾ. ಟಿ.ಎಂ.ಎ. ಪೈ

ಮಾಣಿ: ಮಂಗಳೂರು ಕಡೆಯಿಂದ ಬರುವ ಹೆದ್ದಾರಿ ಬೆಂಗಳೂರಿಗೊಂದು, ಮೈಸೂರಿಗೊಂದು ಎಂದು ಕವಲೊಡೆಯುವ ಊರು ಬಂಟ್ವಾಳ ತಾಲೂಕಿನ ಮಾಣಿ. ಇಂತಹ ಪೇಟೆಗಳಲ್ಲಿ ದಿನವೂ ಅಂಗಡಿಯಿಂದ ಅಂಗಡಿಗೆ ಚೀಲ ಹಿಡಿದು ಸಾಗುವ ವ್ಯಕ್ತಿಯೊಬ್ಬರು ಕಾಣಸಿಗುತ್ತಾರೆ. ಅವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಅವರು ಪಿಗ್ಮಿಯವರು. ಹೋಟೆಲಿನವರು, ದರ್ಜಿ, ಹಣ್ಣಿನ ವ್ಯಾಪಾರಿ ದಿನದ ಗಳಿಕೆಯಿಂದ ಐವತ್ತೋ ನೂರೋ ತೆಗೆದು ಅವರ ಕೈಗಿಡುತ್ತಾರೆ. ಅಂಗೈಯಗಲದ ಯಂತ್ರದಿಂದ ಚೀಟಿ ಹೊರಬರುತ್ತದೆ. ಎರಡು ನಿಮಿಷದ ಕೆಲಸ.

ಕರಾವಳಿಯ ಬದುಕಿನಲ್ಲಿ ಹೀಗೆ ಬೆರೆತುಹೋಗಿರುವ ಈ ಪದ್ಧತಿ ಹುಟ್ಟಿದ್ದು 1928ರಲ್ಲಿ. ಅದನ್ನು ಜಾರಿಗೆ ತಂದವರು ಅರ್ಥಶಾಸ್ತ್ರಜ್ಞರೂ ಅಲ್ಲ, ಲೇವಾದೇವಿದಾರರೂ ಅಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಡಾ. ತೋನ್ಸೆ ಮಾಧವ ಅನಂತ ಪೈ.

ಮದರಾಸಿನಿಂದ ಮರಳಿದ ವೈದ್ಯ

1898ರ ಏಪ್ರಿಲ್ 30ರಂದು ಜನಿಸಿದ ಮಾಧವ ಪೈಯವರು ಮದರಾಸಿನಲ್ಲಿ ವೈದ್ಯಕೀಯ ಪದವಿ ಪಡೆದು ಊರಿಗೆ ಮರಳಿದರು. ಆಗ ಉಡುಪಿ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅನಾರೋಗ್ಯ, ಅನಕ್ಷರತೆ ಮತ್ತು ಬಡತನ ಒಂದನ್ನೊಂದು ಪೋಷಿಸುವ ಪಿಡುಗುಗಳು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಕೊಟ್ಟರೆ ಫಲವಿಲ್ಲ ಎಂಬುದು ಅವರ ನಿಲುವಾಗಿತ್ತು. ಅವರ ಮುಂದಿನ ಬದುಕೆಲ್ಲ ಈ ಮೂರರ ಸುತ್ತಲೇ ಸಾಗಿತು.

ಆ ದಿನಗಳಲ್ಲಿ ಕೈಮಗ್ಗದ ಉದ್ಯಮ ಸಂಕಷ್ಟಕ್ಕೆ ಸಿಲುಕಿ ನೇಕಾರ ಕುಟುಂಬಗಳು ಕಂಗೆಟ್ಟಿದ್ದವು. ಅವರ ನೆರವಿಗೆಂದು ಹಿರಿಯ ಸಹೋದರ ಉಪೇಂದ್ರ ಅನಂತ ಪೈ ಹಾಗೂ ಎಂಜಿನಿಯರ್ ವಾಮನ ಶ್ರೀನಿವಾಸ ಕುಡ್ವರೊಡನೆ ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರ್, ಇನ್ನೊಬ್ಬರು ವೈದ್ಯ. ಮೂಲ ಬಂಡವಾಳ ಕೇವಲ 8,000 ರೂಪಾಯಿ.

ಬ್ಯಾಂಕಿಂಗ್ ಈ ನೆಲಕ್ಕೆ ಹೊಸದೇನಾಗಿರಲಿಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದ್ದರು. ಅದೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಹುಟ್ಟಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾಯಿತು. ಆದರೆ ದಿನಗೂಲಿಯವನಿಗೆ ಬ್ಯಾಂಕಿನ ಮೆಟ್ಟಿಲು ಆಗಲೂ ಎತ್ತರವೇ ಆಗಿತ್ತು.

ಬ್ಯಾಂಕೇ ಮನೆಬಾಗಿಲಿಗೆ

ಬಡವನ ಕೈಯಲ್ಲಿ ಹಣ ಉಳಿಯದಿರುವುದಕ್ಕೆ ಕಾರಣ ದುಂದುವೆಚ್ಚವೊಂದೇ ಅಲ್ಲ. ಉಳಿದ ಚಿಲ್ಲರೆಯನ್ನು ಸುರಕ್ಷಿತವಾಗಿ ಇಡಲು ಸ್ಥಳವಿಲ್ಲ. ಬ್ಯಾಂಕಿಗೆ ಹೋಗೋಣವೆಂದರೆ ಅರ್ಧ ದಿನದ ಕೂಲಿ ಖೋತಾ. ಹೋದರೂ ಎರಡಾಣೆಯನ್ನು ಜಮಾ ಮಾಡಿಕೊಳ್ಳುವವರಿಲ್ಲ. ಗಿರಾಕಿ ಬರಲಾಗದಿದ್ದರೆ ಬ್ಯಾಂಕೇ ಹೋಗಬೇಕು ಎಂಬ ಸರಳ ಉತ್ತರವೇ ಪಿಗ್ಮಿ ಠೇವಣಿ. ಏಜೆಂಟರು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಕಿರುಮೊತ್ತವನ್ನೂ ಸಂಗ್ರಹಿಸಿದರು. ಪಿಗ್ಮಿ ಎಂಬ ಹೆಸರೂ ಠೇವಣಿಯ ಕಿರಿದನ್ನೇ ಸೂಚಿಸುವಂಥದು.

ಲೆಕ್ಕ ಹಾಕಿದರೆ ಇದರ ಬಲ ತಿಳಿಯುತ್ತದೆ. ರೂಪಾಯಿಗೆ 16 ಆಣೆ. ದಿನಕ್ಕೆ ಎರಡಾಣೆಯಂತೆ ತಿಂಗಳಿಗೆ 3 ರೂಪಾಯಿ 12 ಆಣೆ. ವರ್ಷಕ್ಕೆ 45 ರೂಪಾಯಿಗೂ ಮಿಕ್ಕಿ. ಏಳು ವರ್ಷ ಬಿಡದೆ ಕಟ್ಟಿದರೆ ಬಡ್ಡಿ ಬಿಟ್ಟೇ 319 ರೂಪಾಯಿ. ಕೈಯಲ್ಲಿ ಒಮ್ಮೆಲೇ ಹತ್ತು ರೂಪಾಯಿ ಕಾಣದವನಿಗೆ ಅದು ಮಗಳ ಮದುವೆಗೋ ಮನೆಯ ಮಾಡಿಗೋ ಮುಪ್ಪಿನ ದಿನಗಳಿಗೋ ಆಸರೆ.

ಸಂಗ್ರಹವಾದ ಆಣೆಗಳು ಬ್ಯಾಂಕನ್ನೂ ಬೆಳೆಸಿದವು. 1928ರಲ್ಲೇ ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆಯಿತು. 1964ರಲ್ಲಿ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. ಮಣಿಪಾಲ ಅದರ ಕೇಂದ್ರವಾಯಿತು. 1969ರ ಜುಲೈ 19ರಂದು ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಇದೂ ಒಂದು.

ಬೋಳುಗುಡ್ಡದಲ್ಲಿ ವಿದ್ಯಾಕೇಂದ್ರ

ಬಡತನದ ನಂತರ ಉಳಿದೆರಡು ಪಿಡುಗುಗಳ ಕಡೆಗೆ ಡಾ. ಪೈ ಹೊರಳಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಒಂದರ ಹಿಂದೊಂದು ತಲೆಯೆತ್ತಿದವು. ಸರ್ಕಾರದ ಹಣವನ್ನೇ ಕಾಯದೆ ವಿದ್ಯಾರ್ಥಿಗಳಿಂದಲೇ ವೆಚ್ಚ ಭರಿಸಿಕೊಳ್ಳುವ ಈ ಮಾದರಿಗೆ ಅನುಕರಣೆಯೂ ದೊರೆಯಿತು, ಟೀಕೆಯೂ ಬಂತು. ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕಿನ ಕುರಿತು 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪು ಅವರ ಹೆಸರಿನ ಪ್ರತಿಷ್ಠಾನದ ಪ್ರಕರಣವೆಂದೇ ಪ್ರಸಿದ್ಧ.

1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದಿತು. 1979ರ ಮೇ 29ರಂದು ಅವರು ಕೊನೆಯುಸಿರೆಳೆದರು.

ಚೀಲ ಹಿಡಿದವರ ಪಾಡು

ಪಿಗ್ಮಿಯ ಕಥೆಗೆ ಇನ್ನೊಂದು ಮುಖವೂ ಇದೆ. ಊರಿನವರ ಮುಪ್ಪಿಗೆ ಬಿಸಿಲು ಮಳೆಯೆನ್ನದೆ ಹಣ ಕೂಡಿಸಿದ ಸಂಗ್ರಾಹಕರಿಗೆ ಸಂಬಳವಿರಲಿಲ್ಲ, ಇದ್ದದ್ದು ಕಮಿಷನ್ ಮಾತ್ರ. ಅವರ ಹೋರಾಟ ಸುಪ್ರೀಂ ಕೋರ್ಟಿನವರೆಗೂ ಸಾಗಿತು. ಕಾನೂನಿನ ಅರ್ಥದಲ್ಲಿ ಅವರೂ ಕಾರ್ಮಿಕರೇ ಎಂದು ನ್ಯಾಯಾಲಯ ತೀರ್ಪಿತ್ತದ್ದು 2001ರಲ್ಲಿ. ಪದ್ಧತಿ ಆರಂಭವಾಗಿ ಆಗಲೇ 73 ವರ್ಷಗಳು ಸಂದಿದ್ದವು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಕಾರ್ಪೊರೇಷನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಸೇರಿತು. ಹೆಸರುಗಳು ಅಳಿದರೂ ಪಿಗ್ಮಿ ಉಳಿಯಿತು. ಪೇಟೆಗಳ ಸಹಕಾರಿ ಸಂಘಗಳು ಅದನ್ನು ಮುಂದುವರಿಸಿವೆ. ಇಲ್ಲಿ ಉಳಿತಾಯಗಾರರು ಒಂದು ವ್ಯತ್ಯಾಸವನ್ನು ಅರಿತಿರಬೇಕು. ವಿಮೆಗೆ ಒಳಪಟ್ಟ ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಪತ್ತಿನ ಸಹಕಾರಿ ಸಂಘಗಳಿಗೆ ಮಾತ್ರ ಈ ರಕ್ಷಣೆ ಇಲ್ಲ. ಸಂಘದ ಲೆಕ್ಕಪತ್ರ, ಆಡಳಿತ ಮಂಡಳಿಯ ನಡತೆಗಳೇ ಅಲ್ಲಿ ಭರವಸೆ.

ಏಳು ರೂಪಾಯಿಯ ಪಾಠ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಅಂಗಡಿಯವರು, ರಿಕ್ಷಾ ಚಾಲಕರು, ತೋಟದ ಕೂಲಿಯವರಲ್ಲಿ ಬಹುತೇಕರಿಗೆ ಪಿಂಚಣಿ ಎಂಬುದಿಲ್ಲ. ಅವರಿಗೆ ಡಾ. ಪೈಯವರ ಪಾಠ ಇಂದಿಗೂ ಹಳತಾಗಿಲ್ಲ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಗೆ 18ರ ಹರೆಯದಲ್ಲಿ ಸೇರಿದವರು ತಿಂಗಳಿಗೆ 210 ರೂಪಾಯಿ, ಅಂದರೆ ದಿನಕ್ಕೆ 7 ರೂಪಾಯಿಯಂತೆ ಕಟ್ಟಿದರೆ 60ರ ನಂತರ ತಿಂಗಳಿಗೆ 5,000 ರೂಪಾಯಿ ಪಿಂಚಣಿ ಖಚಿತ. 40ರ ಹರೆಯದಲ್ಲಿ ಸೇರುವವರು ಅಷ್ಟೇ ಪಿಂಚಣಿಗೆ 1,454 ರೂಪಾಯಿ ಕಟ್ಟಬೇಕು. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಈ ಯೋಜನೆಗೆ ಹೊಸದಾಗಿ ಪ್ರವೇಶವಿಲ್ಲ.

ಬೆಲೆಯೇರಿಕೆಯ ಮುಂದೆ ಅಂದಿನ 5,000 ರೂಪಾಯಿ ಸಾಲದು ಎಂಬುದೂ ನಿಜ. ಹಾಗಾಗಿ ಒಂದಿಷ್ಟನ್ನು ಷೇರುಪೇಟೆಯ ಸೂಚ್ಯಂಕ ನಿಧಿಗಳಲ್ಲಿ ದೀರ್ಘಕಾಲ ತೊಡಗಿಸುವವರಿದ್ದಾರೆ. ಅಲ್ಲಿ ಏರಿಳಿತವಿದೆ, ಖಾತರಿಯಿಲ್ಲ. ಆದರೆ ನಿರ್ವಹಣಾ ವೆಚ್ಚ ಕಡಿಮೆ. ವೆಚ್ಚದ ಮಾತು ಸಣ್ಣದಲ್ಲ. ತಿಂಗಳಿಗೆ 1,000 ರೂಪಾಯಿಯಂತೆ 30 ವರ್ಷ ಕಟ್ಟಿದ ಹಣ ಶೇ. 10ರಂತೆ ಬೆಳೆದರೆ ಸುಮಾರು 22.6 ಲಕ್ಷ ರೂಪಾಯಿಯಾಗುತ್ತದೆ. ಶೇ. 1ರಷ್ಟು ವೆಚ್ಚಕ್ಕೆ ಹೋಗಿ ಶೇ. 9ರಂತೆ ಬೆಳೆದರೆ 18.3 ಲಕ್ಷ ಮಾತ್ರ. ಮನೆಬಾಗಿಲಿಗೆ ಬರುವ ಪಿಗ್ಮಿಗೂ ಕಮಿಷನ್ನಿನ ವೆಚ್ಚವಿದೆ. ಅವಧಿಗೆ ಮುನ್ನ ಹಿಂಪಡೆದರೆ ನಷ್ಟವೂ ಉಂಟು. ಹೀಗಾಗಿ ಪಿಗ್ಮಿಯಲ್ಲಿ ಕೂಡಿದ್ದನ್ನು ಅವಧಿ ಮುಗಿದ ಬಳಿಕ ಖರ್ಚು ಮಾಡದೆ, ದೀರ್ಘಾವಧಿಯ ಉಳಿತಾಯಕ್ಕೆ ವರ್ಗಾಯಿಸುವುದು ಜಾಣತನ.

ಎಷ್ಟು ಗಳಿಸಿದೆ ಎಂಬುದಕ್ಕಿಂತ ಯಾವಾಗ ಆರಂಭಿಸಿದೆ, ಎಷ್ಟು ದಿನ ಬಿಡದೆ ನಡೆಸಿದೆ ಎಂಬುದೇ ಉಳಿತಾಯದ ತಿರುಳು. ಹನಿ ಹನಿ ಕೂಡಿದರೆ ಹಳ್ಳ ಎಂಬ ಮಾತು ಎಲ್ಲರಿಗೂ ಗೊತ್ತಿತ್ತು. ಆ ಹನಿಯನ್ನು ಹಿಡಿಯಲು ಪಾತ್ರೆಯೊಂದನ್ನು ಮನೆಬಾಗಿಲಿಗೆ ತಂದಿಟ್ಟವರು ಡಾ. ಟಿ.ಎಂ.ಎ. ಪೈ.