ಮನೋವೈದ್ಯ ಡಾ. ಎಂ.ವಿ. ಗೋವಿಂದಸ್ವಾಮಿ

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ಹೆಸರು ಕೇಳದವರಿಲ್ಲ. ಆದರೆ ಮನೆಯವರೊಬ್ಬರನ್ನು ಅಲ್ಲಿಗೆ ಕರೆದೊಯ್ಯಬೇಕಾದರೆ ನಾಲ್ಕು ಜನಕ್ಕೆ ತಿಳಿದೀತೆಂದು ಅಂಜುತ್ತೇವೆ. ಆ ಸಂಸ್ಥೆಗೆ ಅಡಿಪಾಯ ಹಾಕಿದ ಮಹನೀಯರನ್ನು ನೀವು ಅರಿಯಬೇಕು.

1904ರಲ್ಲಿ ಜನಿಸಿದ ಗೋವಿಂದಸ್ವಾಮಿಯವರು ಮನಶ್ಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಓದಿ, ವಿದೇಶದಲ್ಲಿ ತರಬೇತಿ ಪಡೆದು ಬಂದರು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತ್ತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ದಶಕದಲ್ಲಿ, ಅದು ಈಗಿನ ವಿಶಾಲ ಜಾಗಕ್ಕೆ ಬಂತು. ಮುಂದೆ ಅದರ ಹೊಣೆ ಗೋವಿಂದಸ್ವಾಮಿಯವರ ಹೆಗಲೇರಿತು.

ರೋಗಿಗಳನ್ನು ಕೂಡಿಹಾಕಿದರೆ ಸಾಲದು, ಗುಣಪಡಿಸಬಲ್ಲವರನ್ನು ತಯಾರು ಮಾಡಬೇಕಿತ್ತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದಾಗ ಅವರೇ ಮೊದಲ ನಿರ್ದೇಶಕರಾದರು. ವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರಿಗೂ ಅಲ್ಲಿ ಶಿಕ್ಷಣ ದೊರೆಯಿತು. 1961ರಲ್ಲಿ ಅವರು ತೀರಿಕೊಂಡರು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಓದುಗರೇ, ಪ್ರತಿ ಕಾಯಿಲೆಗೂ ಅಲ್ಲಾಹನು ಮದ್ದನ್ನಿಟ್ಟಿದ್ದಾನೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಮನಸ್ಸಿನ ಕಾಯಿಲೆ ಅದಕ್ಕೆ ಹೊರತಲ್ಲ. ದುಆ ಮಾಡಿ, ಜೊತೆಗೆ ಚಿಕಿತ್ಸೆಯನ್ನೂ ಕೊಡಿಸಿ. ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರು ಸಿಗದ ಕಾಲದಲ್ಲಿ ಗೋವಿಂದಸ್ವಾಮಿಯವರು ವೈದ್ಯರನ್ನೇ ರೂಪಿಸಿದರು. ಅವರು ಸಿಗುವ ಈ ಕಾಲದಲ್ಲಿ ನಾಚಿಕೆಯಿಂದ ನಮ್ಮವರನ್ನು ಕಳೆದುಕೊಳ್ಳುವುದು ಬೇಡ.