ಉರಿಗಾಂ ಮಣ್ಣಿನಲ್ಲಿ ಚಿನ್ನ ಅರಸಿದ ಲೆಫ್ಟಿನೆಂಟ್ ವಾರೆನ್

ಕೋಲಾರ: ಚಿನ್ನದ ಗಣಿಯ ಚರಿತ್ರೆ ಹೇಳುವವರು ಬಹುತೇಕ ಮೈಕೆಲ್ ಫಿಟ್ಜೆರಾಲ್ಡ್ ಲ್ಯಾವೆಲ್‌ನಿಂದ ಆರಂಭಿಸುತ್ತಾರೆ. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟ ಆ ನಿವೃತ್ತ ಐರಿಷ್ ಸೈನಿಕ 1871ರಲ್ಲಿ ಎತ್ತಿನ ಗಾಡಿಯಲ್ಲಿ ಈ ಕಡೆಗೆ ಹೊರಟ ಕಥೆ ಚಿರಪರಿಚಿತ. ಆದರೆ ಅವನನ್ನು ಹೊರಡಿಸಿದ್ದು ಅದಕ್ಕೂ ಸುಮಾರು 70 ವರ್ಷ ಹಿಂದೆ ಬರೆದ ಒಂದು ಪುಟ್ಟ ವರದಿ. ಅದನ್ನು ಬರೆದಾತ ಜಾನ್ ವಾರೆನ್.

ವಾರೆನ್‌ನ ಬದುಕು ಅನೇಕ ದೇಶಗಳನ್ನು ಸುತ್ತಿ ಬಂದ ಬದುಕು. ಜನನ 1769ರಲ್ಲಿ, ಇಟಲಿಯ ಲಿವೋರ್ನೋ ಬಂದರಿನಲ್ಲಿ. ಮನೆತನದ ಮೂಲ ಐರ್ಲೆಂಡ್, ನೆಲೆ ಫ್ರಾನ್ಸ್, ಅಂತಸ್ತು ಶ್ರೀಮಂತ ವರ್ಗದ್ದು. ಫ್ರೆಂಚ್ ಕ್ರಾಂತಿ ಇಂತಹ ಕುಟುಂಬಗಳನ್ನು ಚದುರಿಸಿತು. ತರುಣ ವಾರೆನ್ ಭಾರತಕ್ಕೆ ಬಂದು ಬ್ರಿಟಿಷರ 33ನೆಯ ಪದಾತಿದಳವನ್ನು ಸೇರಿದ. ಫ್ರೆಂಚ್ ರಕ್ತದವನು ಫ್ರೆಂಚರ ಸ್ನೇಹ ಬಯಸಿದ್ದ ಟಿಪ್ಪು ಸುಲ್ತಾನನ ವಿರುದ್ಧ ಕಾದಾಡಬೇಕಾಗಿ ಬಂದದ್ದು ಕಾಲದ ವಿಚಿತ್ರ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಗೆದ್ದವರಿಗೆ ಗೆದ್ದ ನಾಡಿನ ಗಡಿಯೇ ಸರಿಯಾಗಿ ತಿಳಿದಿರಲಿಲ್ಲ. ಹಾಗಾಗಿ ಕಾಲಿನ್ ಮೆಕೆಂಜಿಯ ನೇತೃತ್ವದಲ್ಲಿ ಮೈಸೂರು ಸರ್ವೇಕ್ಷಣೆ ಆರಂಭವಾಯಿತು. ವಾರೆನ್ ಅದರಲ್ಲಿ ಸಹಾಯಕನಾದ.

1802ರಲ್ಲಿ ಆತ ಮೈಸೂರಿನ ಪೂರ್ವ ಗಡಿಯನ್ನು ಗುರುತಿಸುತ್ತಿದ್ದ. ಹೈದರಾಲಿ ಹುಟ್ಟಿದ ಬೂದಿಕೋಟೆಯ ಪೂರ್ವಕ್ಕಿರುವ ಉರಿಗಾಂ ಗ್ರಾಮದ ಸುತ್ತ ನೆಲದಲ್ಲಿ ಚಿನ್ನ ದೊರೆಯುತ್ತದೆ ಎಂಬ ವದಂತಿ ಅಲ್ಲಿ ಅವನ ಕಿವಿಗೆ ಬಿತ್ತು. ಮೋಜಣಿಗೆ ಬಂದ ಅಧಿಕಾರಿ ವದಂತಿಯನ್ನು ಕೇಳಿ ಮುಂದೆ ಸಾಗಬಹುದಿತ್ತು. ವಾರೆನ್ ನಿಂತ. ಚಿನ್ನ ತೋರಿಸಿದವರಿಗೆ ಬಹುಮಾನ ಎಂದು ಘೋಷಿಸಿದ.

ಮೇಲುನೋಟಕ್ಕೆ ಆ ನೆಲದಲ್ಲಿ ಆಸೆ ಹುಟ್ಟಿಸುವಂಥದ್ದು ಏನೂ ಇರಲಿಲ್ಲ. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಯಷ್ಟು ಎತ್ತರದ ಬಯಲು, ಕುರುಚಲು ಗಿಡ, ಅಲ್ಲಲ್ಲಿ ಸಣ್ಣ ಗುಡ್ಡ. ಸುತ್ತಮುತ್ತಲಿನ ಬೆಣಚುಬಂಡೆಗಳ ನಡುವೆ ಕಪ್ಪು ಛಾಯೆಯ ಪದರಶಿಲೆಯ ಒಂದು ಪಟ್ಟಿ ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಹಾಯ್ದಿದೆ. ಅಗಲ ಕೆಲವೇ ಕಿಲೋಮೀಟರ್. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದಾದ ಈ ಶಿಲೆಯ ಬಿರುಕುಗಳಲ್ಲಿ ಸ್ಫಟಿಕಶಿಲೆಯ ಎಳೆಗಳು, ಆ ಎಳೆಗಳಲ್ಲಿ ಚಿನ್ನ. ಈ ಭೂವಿಜ್ಞಾನ ವಾರೆನ್‌ಗೆ ತಿಳಿದಿರಲಿಲ್ಲ. ಭೂವಿಜ್ಞಾನ ಎಂಬ ಶಾಸ್ತ್ರವೇ ಆಗ ಅಂಬೆಗಾಲಿಡುತ್ತಿತ್ತು.

ತಿಳಿದಿದ್ದವರು ಊರಿನ ಜನ. ಪೊರಕೆ, ಮೊರ ಮತ್ತು ತಗ್ಗು ತೋಡಿದ ಮರದ ಹಲಗೆ ಹಿಡಿದು ಬಂದ ಹೆಂಗಸರು ಮೇಲ್ಮಣ್ಣನ್ನು ಗುಡಿಸಿ, ನೀರಿನಲ್ಲಿ ಜಾಲಿಸಿ, ಹಲಗೆಯಲ್ಲಿ ಉಳಿದ ಹೊಳೆಯುವ ಕಣಗಳನ್ನು ತೋರಿಸಿದರು. ಮಾರಿಕುಪ್ಪಂ ಬಳಿ ಇನ್ನೂ ಕಠಿಣವಾದ ಕೆಲಸ ನಡೆದಿತ್ತು. ಅಲ್ಲಿ ಪರೆಯ ಸಮುದಾಯದ ಕೆಲಸಗಾರರು ಮೂವತ್ತು ಅಡಿಗೂ ಆಳದ ಗುಂಡಿಗಳಿಗೆ ಇಳಿದು ಕಲ್ಲು ಒಡೆಯುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೆ ಬರುತ್ತಿದ್ದವು. ಹೆಂಗಸರು ಆ ಕಲ್ಲನ್ನು ಬಂಡೆಯ ಮೇಲೆ ಕುಟ್ಟಿ ಪುಡಿ ಮಾಡಿ ತೊಳೆಯುತ್ತಿದ್ದರು. ವಾರೆನ್ ಇದೆಲ್ಲವನ್ನೂ ನೋಡಿ ದಾಖಲಿಸಿದ. ಸುಮಾರು 56 ಕಿಲೋ ಮಣ್ಣಿಗೆ ದಕ್ಕಿದ್ದು ಒಂದು ಗ್ರೇನ್, ಅಂದರೆ 65 ಮಿಲಿಗ್ರಾಂನಷ್ಟು ಚಿನ್ನ.

ಹಾಗಾಗಿ ಕೋಲಾರದ ಚಿನ್ನವನ್ನು ವಾರೆನ್ ಕಂಡುಹಿಡಿದ ಎನ್ನುವುದು ಸರಿಯಲ್ಲ. ಅವನು ಬರುವ ಎಷ್ಟೋ ಶತಮಾನ ಮೊದಲೇ ಇಲ್ಲಿ ಗಣಿಗುಂಡಿಗಳಿದ್ದವು. ಬಲ್ಲವರನ್ನು ಕೇಳಿ, ಅವರ ಕೆಲಸವನ್ನು ಕಣ್ಣಾರೆ ಕಂಡು, ಅಳೆದು ಬರೆದಿಟ್ಟದ್ದೇ ಅವನ ಹಿರಿಮೆ. ಆದರೆ ಮಣ್ಣು ಜಾಲಿಸಿದ ಆ ಹೆಂಗಸರಲ್ಲಿ ಒಬ್ಬರ ಹೆಸರೂ ಇತಿಹಾಸಕ್ಕೆ ಉಳಿದಿಲ್ಲ.

ಚಿನ್ನದಿಂದ ವಾರೆನ್‌ಗೆ ಲಾಭವಾಗಲಿಲ್ಲ. ಮುಂದೆ ಆತ ವಿಲಿಯಂ ಲ್ಯಾಂಬ್ಟನ್‌ನ ತ್ರಿಕೋನಮಿತಿ ಸರ್ವೆಯಲ್ಲಿ ದುಡಿದ. 1805ರಿಂದ ಕೆಲವು ವರ್ಷ ಮದ್ರಾಸ್ ಖಗೋಳ ವೀಕ್ಷಣಾಲಯದ ಹೊಣೆ ಹೊತ್ತ. ಮದ್ರಾಸಿನ ರೇಖಾಂಶವನ್ನು ಆತ ಲೆಕ್ಕ ಹಾಕಿ ನಿಗದಿಪಡಿಸಿದ್ದು ಬಹುಕಾಲ ಭಾರತದ ಸರ್ವೆ ನಕ್ಷೆಗಳಿಗೆ ಆಧಾರವಾಗಿತ್ತು. ಕೊನೆಯ ವರ್ಷಗಳನ್ನು ಫ್ರೆಂಚರ ಪುದುಚೇರಿಯಲ್ಲಿ ಕಳೆದ.

ಅಲ್ಲಿಯೂ ಅವನ ಹಳೆಯ ಅಭ್ಯಾಸ ಬಿಡಲಿಲ್ಲ. 1825ರಲ್ಲಿ ಪ್ರಕಟವಾದ ಅವನ ಕಾಲಸಂಕಲಿತ ಎಂಬ ಗ್ರಂಥ ದಕ್ಷಿಣ ಭಾರತದ ಪಂಚಾಂಗ ಪದ್ಧತಿಗಳ ಅಧ್ಯಯನ. ಅದೇ ವರ್ಷ ಪುದುಚೇರಿಯ ಪಂಚಾಂಗಕರ್ತನೊಬ್ಬ ನೆಲದ ಮೇಲೆ ಕವಡೆ ಇಟ್ಟು, ಬಾಯಿಪಾಠದ ಸಂಕೇತ ಪದಗಳ ಬಲದಿಂದಲೇ ಚಂದ್ರಗ್ರಹಣವನ್ನು ಗಣಿಸುವುದನ್ನು ಆತ ಪಕ್ಕದಲ್ಲಿ ಕುಳಿತು ನೋಡಿದ. ಸ್ಪರ್ಶಕಾಲದಲ್ಲಿ ಬಂದ ವ್ಯತ್ಯಾಸ ನಾಲ್ಕೇ ನಿಮಿಷ! ಮೋಕ್ಷಕಾಲದಲ್ಲಿ ಮಾತ್ರ 52 ನಿಮಿಷ. ವಾರೆನ್ ಎರಡನ್ನೂ ಬರೆದಿಟ್ಟ. ಗಣಿತದ ಚರಿತ್ರೆ ಬರೆಯುವವರು ಇಂದಿಗೂ ಈ ಪ್ರಸಂಗವನ್ನು ನೆನೆಯುತ್ತಾರೆ. 1830ರಲ್ಲಿ ಪುದುಚೇರಿಯಲ್ಲೇ ಆತ ನಿಧನನಾದ.

ಕೋಲಾರದ ವರದಿ ಕಡತದಲ್ಲೇ ಉಳಿಯಿತು. ನಡುವೆ ನಡೆದ ಶೋಧಗಳು ಫಲಿಸಲಿಲ್ಲ. ಹಳೆಯ ಗುಂಡಿಗಳಲ್ಲಿ ಅವಘಡಗಳು ಸಂಭವಿಸಿ, 1859ರಲ್ಲಿ ನೆಲದಡಿಯ ಗಣಿಗಾರಿಕೆಗೆ ನಿಷೇಧ ಬಿತ್ತು. ವಾರೆನ್‌ನ ಬರಹ ಓದಿ ಬಂದ ಲ್ಯಾವೆಲ್ 1875ರಲ್ಲಿ ಗುತ್ತಿಗೆ ಪಡೆದನಾದರೂ ಹಣ ಸಾಲದೆ ಎರಡೇ ವರ್ಷದಲ್ಲಿ ಹಕ್ಕು ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕಾಲಿಟ್ಟ ಮೇಲೆಯೇ ಬಂಗಲೆ, ಕ್ಲಬ್ಬುಗಳ ಪುಟ್ಟ ಇಂಗ್ಲೆಂಡ್ ಇಲ್ಲಿ ತಲೆಯೆತ್ತಿದ್ದು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, ಬೇತಮಂಗಲದಿಂದ ನೀರು ಹರಿಯಿತು. ಗಣಿಗಿಳಿದವರು ಮಾತ್ರ ಬಹುಪಾಲು ತಮಿಳು, ತೆಲುಗು ನಾಡಿನ ದಲಿತ ಕುಟುಂಬಗಳವರು.

ಮೂವತ್ತು ಅಡಿಯ ಗುಂಡಿ ಚಾಂಪಿಯನ್ ರೀಫ್‌ನಲ್ಲಿ ಮೂರು ಕಿಲೋಮೀಟರ್ ಮೀರಿತು. ಆ ಆಳದ ಕತ್ತಲಲ್ಲಿ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳನ್ನು ಗುರುತಿಸಿದರು. ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಕೊನೆಗೆ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಮೂರು ಗ್ರಾಂ ಆಸುಪಾಸು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ರಾಬರ್ಟ್‌ಸನ್‌ಪೇಟೆಗೆ ಹೋದವರಿಗೆ ಸೈನೈಡ್ ದಿಬ್ಬಗಳು ದೂರದಿಂದಲೇ ಕಾಣುತ್ತವೆ. ಬೇಸಿಗೆಯ ಗಾಳಿ ಎದ್ದರೆ ಅವುಗಳ ದೂಳು ಕಾರ್ಮಿಕರ ಸಾಲುಮನೆಗಳ ಒಳಗೆ ಬರುತ್ತದೆ.