ಬ್ಯಾಟರಿ ಕೊಟ್ಟ ಮೇಷ್ಟ್ರು: ಅಲೆಸಾಂದ್ರೊ ವೋಲ್ಟಾ



ಟಾರ್ಚಿನ ಸೆಲ್ಲಿನ ಮೇಲೆ 1.5 ವೋಲ್ಟ್ ಎಂದು ಬರೆದಿರುವುದನ್ನು ನಾವೆಲ್ಲ ನೋಡಿದ್ದೇವೆ. ಪರೀಕ್ಷೆಗೆ ಕೂರುವ ನಮ್ಮ ಮಕ್ಕಳು ಅದೇ ಪದವನ್ನು ಉತ್ತರಪತ್ರಿಕೆಯಲ್ಲಿ ಹತ್ತಾರು ಸಲ ಬರೆಯುತ್ತಾರೆ. ಅದು ಒಬ್ಬ ಮನುಷ್ಯರ ಹೆಸರು. ಅವರು ಶಾಲೆಯಲ್ಲಿ ಪಾಠ ಹೇಳಿದವರು, ದಿನವೂ ಬಲಿಪೂಜೆಗೆ ಹೋಗುತ್ತಿದ್ದವರು, ತಮ್ಮ ಊರಿನ ದೇವಾಲಯದಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸಿದವರು. ಅವರು ಬ್ಯಾಟರಿಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು ಮಾರ್ಚ್ ತಿಂಗಳಲ್ಲಿ, ಕಣ್ಣು ಮುಚ್ಚಿದ್ದೂ ಮಾರ್ಚ್ ತಿಂಗಳಲ್ಲಿ. ಪರೀಕ್ಷೆಯ ಈ ದಿನಗಳಲ್ಲಿ ಅವರನ್ನು ನೆನೆಯುವುದು ಉಚಿತವೆಂದು ನಮಗೆ ತೋರಿತು.

ಅಲೆಸಾಂದ್ರೊ ವೋಲ್ಟಾ ಹುಟ್ಟಿದ್ದು 1745ರ ಫೆಬ್ರವರಿ 18ರಂದು, ಇಟಲಿಯ ಉತ್ತರದಲ್ಲಿರುವ ಕೋಮೊ ಎಂಬ ಊರಿನಲ್ಲಿ. ದೊಡ್ಡ ಸರೋವರದ ದಡದ ಊರು ಅದು. ಆಗ ಆ ಸೀಮೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಮನೆತನ ಕುಲೀನವಾದರೂ ಕೈಯಲ್ಲಿ ಹಣ ಹೆಚ್ಚಿರಲಿಲ್ಲ. ತಂದೆ ಫಿಲಿಪ್ಪೊ ಮದುವೆಗೆ ಮುಂಚೆ ಯೇಸುಸಭೆಯಲ್ಲಿ ಹಲವು ವರ್ಷ ಇದ್ದವರು. ಬಂಧುಗಳಲ್ಲಿ ಗುರುಗಳಾದವರು ಅನೇಕರು. ಈ ಮಗು ಮಾತ್ರ ನಾಲ್ಕು ವರ್ಷವಾದರೂ ಸರಿಯಾಗಿ ಮಾತಾಡಲಿಲ್ಲವಂತೆ. ಹುಡುಗ ಮೂಗನೇ ಇರಬೇಕೆಂದು ಮನೆಯವರು ಹೆದರಿದ್ದರು. ಏಳು ವರ್ಷವಾಗುವ ಹೊತ್ತಿಗೆ ತಂದೆ ತೀರಿಕೊಂಡರು. ಚಿಕ್ಕಪ್ಪಂದಿರ ಆಸರೆಯಲ್ಲಿ ಬೆಳೆಯಬೇಕಾಯಿತು.

ಯೇಸುಸಭೆಯ ಗುರುಗಳ ಶಾಲೆಯಲ್ಲಿ ಹುಡುಗನ ಬುದ್ಧಿ ಅರಳಿತು. ಮನೆಯಲ್ಲಿ ಆಡುವುದು ಊರಿನ ನುಡಿ, ಓದುವುದು ಲತೀನ್, ಬರೆಯುವುದು ಇತಾಲಿಯನ್, ಹೊರಗಿನ ಪಂಡಿತರೊಡನೆ ಪತ್ರವ್ಯವಹಾರಕ್ಕೆ ಫ್ರೆಂಚ್. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಒಂದು ಭಾಷೆ, ಶಾಲೆಯ ಪುಸ್ತಕದಲ್ಲಿ ಇನ್ನೊಂದು ಎಂದು ಬೆಳೆಯುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದು ಹೊಸದೇನೂ ಅಲ್ಲ. ಹಲವು ಭಾಷೆಗಳ ನಡುವೆ ಹುಟ್ಟಿದ್ದು ವೋಲ್ಟಾ ಅವರಿಗೆ ತೊಡಕಾಗಲಿಲ್ಲ, ದಾರಿಯಾಯಿತು.

ಅವರು ಯಾವ ವಿಶ್ವವಿದ್ಯಾಲಯದಲ್ಲೂ ಓದಿ ಪದವಿ ಪಡೆದವರಲ್ಲ. ಗತ್ತೋನಿ ಎಂಬ ಗೆಳೆಯನ ಮನೆಯಲ್ಲಿ ಪುಸ್ತಕಗಳೂ ಪ್ರಯೋಗದ ಉಪಕರಣಗಳೂ ಇದ್ದವು. ಅಲ್ಲೇ ಕೈಯಾರೆ ಮಾಡಿ ನೋಡುತ್ತ ವಿದ್ಯುತ್ತಿನ ಪಾಠ ಕಲಿತರು. ಹದಿಹರೆಯದಲ್ಲೇ ದೊಡ್ಡ ವಿಜ್ಞಾನಿಗಳಿಗೆ ಪತ್ರ ಬರೆದು ಪ್ರಶ್ನೆ ಕೇಳತೊಡಗಿದರು. ಹಾಗೆ ಪತ್ರ ಪಡೆದವರಲ್ಲಿ ತೂರಿನ್ ನಗರದ ಬೆಕ್ಕಾರಿಯಾ ಸ್ವಾಮಿಗಳೂ ಒಬ್ಬರು. ಅವರು ಗುರುಗಳೂ ಹೌದು, ವಿದ್ಯುತ್ತಿನ ಪಂಡಿತರೂ ಹೌದು.

1774ರಲ್ಲಿ ವೋಲ್ಟಾ ಅವರಿಗೆ ಕೋಮೊ ಊರಿನ ಸರಕಾರಿ ಶಾಲೆಗಳ ಮೇಲ್ವಿಚಾರಣೆ ದೊರೆಯಿತು. ಮರುವರ್ಷ ಅಲ್ಲಿಯೇ ಭೌತಶಾಸ್ತ್ರದ ಅಧ್ಯಾಪಕರಾದರು. ಅದೇ ವರ್ಷ ಅವರು ಪ್ರಸಿದ್ಧಿಗೆ ತಂದ ಎಲೆಕ್ಟ್ರೋಫೋರಸ್ ಎಂಬ ಸಾಧನ ಇಂದಿಗೂ ತರಗತಿಯಲ್ಲಿ ಮಾಡಿ ತೋರಿಸುವಷ್ಟು ಸರಳ. ರಾಳದ ಬಿಲ್ಲೆಯೊಂದನ್ನು ತುಪ್ಪಳದಿಂದ ಉಜ್ಜಬೇಕು. ಅದರ ಮೇಲೆ ಗಾಜಿನ ಹಿಡಿಯುಳ್ಳ ಲೋಹದ ತಟ್ಟೆ ಇಟ್ಟು, ಒಮ್ಮೆ ಬೆರಳಿನಿಂದ ಮುಟ್ಟಿ, ಮೇಲೆತ್ತಬೇಕು. ತಟ್ಟೆಯ ಹತ್ತಿರ ಬೆರಳು ತಂದರೆ ಚಟ್ ಎಂದು ಕಿಡಿ ಹಾರುತ್ತದೆ. ರಾಳವನ್ನು ಮತ್ತೆ ಉಜ್ಜದೆಯೇ ಹಲವು ಸಲ ಹೀಗೆ ಕಿಡಿ ಪಡೆಯಬಹುದು. 1778ರಲ್ಲಿ ಪಾವಿಯಾ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಸುಮಾರು ನಲವತ್ತು ವರ್ಷ ಅವರ ಹೆಸರು ಅಲ್ಲಿನ ಅಧ್ಯಾಪಕರ ಪಟ್ಟಿಯಲ್ಲಿತ್ತು.

ಇನ್ನು ಬ್ಯಾಟರಿಯ ಕಥೆ. 1791ರಲ್ಲಿ ಬೊಲೋನ್ಯಾ ನಗರದ ವೈದ್ಯ ಲುಯಿಜಿ ಗಾಲ್ವಾನಿ ಅವರು ಒಂದು ಅಚ್ಚರಿಯನ್ನು ಪ್ರಕಟಿಸಿದರು. ಸತ್ತ ಕಪ್ಪೆಯ ಕಾಲಿಗೆ ಎರಡು ಬೇರೆ ಬೇರೆ ಲೋಹಗಳನ್ನು ಜೋಡಿಸಿ ತಾಗಿಸಿದರೆ ಕಾಲು ಅದುರುತ್ತಿತ್ತು. ಪ್ರಾಣಿಯ ದೇಹದಲ್ಲೇ ವಿದ್ಯುತ್ ಇದೆ ಎಂದು ಗಾಲ್ವಾನಿ ತಿಳಿದರು. ವೋಲ್ಟಾ ಅವರು ಮೊದಲು ಅದನ್ನು ಮೆಚ್ಚಿ ಒಪ್ಪಿದರು. ಆದರೆ ಒಪ್ಪಿ ಸುಮ್ಮನೆ ಕೂರಲಿಲ್ಲ, ತಾವೇ ಮತ್ತೆ ಮತ್ತೆ ಮಾಡಿ ನೋಡಿದರು. ತಮ್ಮ ನಾಲಿಗೆಯ ತುದಿಗೆ ತವರದ ಹಾಳೆ, ಹಿಂದಕ್ಕೆ ಬೆಳ್ಳಿಯ ನಾಣ್ಯ ಇಟ್ಟು ಎರಡನ್ನೂ ತಾಗಿಸಿದಾಗ ಹುಳಿ ರುಚಿ ಬಂತು. ಅಲ್ಲಿ ಕಪ್ಪೆಯೇ ಇರಲಿಲ್ಲವಲ್ಲ! ಹಾಗಾದರೆ ವಿದ್ಯುತ್ತು ಬರುತ್ತಿರುವುದು ಎರಡು ಲೋಹಗಳಿಂದ ಎಂದು ಅವರು ತೀರ್ಮಾನಿಸಿದರು.

ಇಬ್ಬರ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಇಬ್ಬರೂ ಭಕ್ತ ಕಥೋಲಿಕರೇ. ಹೊಸ ಸರಕಾರ ಕೇಳಿದ ಪ್ರಮಾಣವಚನವನ್ನು ಮನಸ್ಸಾಕ್ಷಿಗಾಗಿ ನಿರಾಕರಿಸಿ ಗಾಲ್ವಾನಿ ಹುದ್ದೆ ಕಳೆದುಕೊಂಡರು, 1798ರಲ್ಲಿ ತೀರಿಕೊಂಡರು. ವಾದದಲ್ಲಿ ಇಬ್ಬರಿಗೂ ಅರ್ಧರ್ಧ ಸತ್ಯ ಸಿಕ್ಕಿತ್ತು ಎಂದು ಇಂದು ನಮಗೆ ತಿಳಿದಿದೆ. ಜೀವಿಗಳ ನರಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದು ನಿಜ. ಲೋಹಗಳು ಬೇರೆಬೇರೆಯಾಗಿರಬೇಕೆಂಬುದೂ ನಿಜ. ಆದರೆ ಲೋಹಗಳು ತಾಗಿದರೆ ಸಾಕೆಂದು ವೋಲ್ಟಾ ನಂಬಿದ್ದರು; ಲೋಹಕ್ಕೂ ದ್ರಾವಣಕ್ಕೂ ನಡೆಯುವ ರಾಸಾಯನಿಕ ಕ್ರಿಯೆಯೇ ವಿದ್ಯುತ್ತನ್ನು ಹರಿಸುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು.

ವಾದವನ್ನು ಮುಂದುವರಿಸಲು ವೋಲ್ಟಾ ಮಾಡಿದ್ದು ಒಂದು ಕಂಬ. ಬೆಳ್ಳಿಯ ಬಿಲ್ಲೆ, ಅದರ ಮೇಲೆ ಸತುವಿನ ಬಿಲ್ಲೆ, ಅದರ ಮೇಲೆ ಉಪ್ಪುನೀರಲ್ಲಿ ನೆನೆಸಿದ ರಟ್ಟು. ಮತ್ತೆ ಬೆಳ್ಳಿ, ಸತು, ರಟ್ಟು. ಹೀಗೆ ಹತ್ತಾರು ಜೊತೆಗಳನ್ನು ಇಡ್ಲಿ ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸಿದರು. ಕೆಳಗೊಂದು ಕೈ, ಮೇಲೊಂದು ಕೈ ಇಟ್ಟರೆ ಜುಮ್ಮೆನ್ನುತ್ತಿತ್ತು, ಮತ್ತೆ ಮುಟ್ಟಿದರೆ ಮತ್ತೆ ಜುಮ್ಮೆನ್ನುತ್ತಿತ್ತು. ಅಲ್ಲಿಯವರೆಗೆ ಮನುಷ್ಯ ಉಂಟುಮಾಡಿದ ವಿದ್ಯುತ್ತು ಕಿಡಿಯಾಗಿ ಹಾರಿ ಮುಗಿದುಹೋಗುತ್ತಿತ್ತು. ಈಗ ಅದು ಕಾಲುವೆಯ ನೀರಿನಂತೆ ಹರಿಯತೊಡಗಿತು. 1800ರ ಮಾರ್ಚ್ 20ರಂದು ಅವರು ಈ ಸಂಗತಿಯನ್ನು ಫ್ರೆಂಚ್ ಭಾಷೆಯಲ್ಲಿ ಬರೆದು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಿಗೆ ಕಳುಹಿಸಿದರು. ಅದೇ ವರ್ಷ ಲಂಡನ್ನಿನಲ್ಲಿ ಇಂಥದೇ ಕಂಬ ಕಟ್ಟಿ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದರು. 1820ರಲ್ಲಿ ಕೋಪನ್‌ಹೇಗನ್ನಿನ ಅಧ್ಯಾಪಕ ಅರ್ಸ್ಟೆಡ್ ಅವರು ಪಾಠ ಮಾಡುತ್ತಿದ್ದಾಗ, ಬ್ಯಾಟರಿಗೆ ಜೋಡಿಸಿದ ತಂತಿಯ ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಅಲುಗಿತು. ಅಯಸ್ಕಾಂತಕ್ಕೂ ವಿದ್ಯುತ್ತಿಗೂ ನಂಟಿದೆ ಎಂದು ಗೊತ್ತಾದದ್ದು ಹಾಗೆ. ಇಂದಿನ ಫ್ಯಾನು, ನೀರಿನ ಪಂಪು ಎಲ್ಲದರ ಬೇರು ಅಲ್ಲಿದೆ.

1801ರಲ್ಲಿ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ನನ ಮುಂದೆ ವೋಲ್ಟಾ ತಮ್ಮ ಪ್ರಯೋಗ ತೋರಿಸಿದರು. ಚಿನ್ನದ ಪದಕ ಬಂತು, ಮುಂದೆ ಕೌಂಟ್ ಪದವಿಯೂ ಬಂತು. ಅವರ ಮನಸ್ಸು ಇದ್ದದ್ದು ಮಾತ್ರ ಕೋಮೊದಲ್ಲಿ, ಹೆಂಡತಿ ತೆರೇಸಾ ಮತ್ತು ಮೂವರು ಗಂಡುಮಕ್ಕಳ ಜೊತೆ. 1814ರಲ್ಲಿ ಮಗ ಫ್ಲಮಿನಿಯೊ ಹರೆಯದಲ್ಲೇ ತೀರಿಕೊಂಡಾಗ ಯಾವ ಪದಕವೂ ಅವರಿಗೆ ಸಮಾಧಾನ ಕೊಡಲಿಲ್ಲ.

ಆ ಕಾಲದಲ್ಲಿ ಧರ್ಮವಿಶ್ವಾಸ ಓದದವರಿಗೆ ಮಾತ್ರ ಎಂಬ ಮಾತು ವಿದ್ಯಾವಂತರಲ್ಲಿ ಹರಡಿತ್ತು. ವೋಲ್ಟಾ ಅವರೂ ಒಳಗೊಳಗೆ ಹಾಗೆಯೇ ಯೋಚಿಸುತ್ತಾರೆಂದು ಕೆಲವರು ಅನುಮಾನಿಸಿದರು. 1815ರಲ್ಲಿ ಅವರು ಒಂದು ಪತ್ರದಲ್ಲಿ ಇದಕ್ಕೆ ನೇರ ಉತ್ತರ ಕೊಟ್ಟರು. ತಾವು ಕಥೋಲಿಕ ವಿಶ್ವಾಸವನ್ನು ಎಂದೂ ಬಿಟ್ಟವರಲ್ಲ, ಅದು ದೇವರ ವರವೆಂದು ತಿಳಿದಿದ್ದೇವೆ, ಅದರ ಆಧಾರಗಳನ್ನು ಬುದ್ಧಿಯಿಂದಲೂ ಪರಿಶೀಲಿಸಿದ್ದೇವೆ, ಶುಭಸಂದೇಶದ ವಿಷಯದಲ್ಲಿ ನಾಚಿಕೆಯಿಲ್ಲ ಎಂಬುದು ಅದರ ಸಾರ. ಪರೀಕ್ಷಿಸದೆ ಯಾವುದನ್ನೂ ಒಪ್ಪದ ಮನುಷ್ಯರು ಬರೆದದ್ದೆಂಬುದರಿಂದ ಆ ಪತ್ರಕ್ಕೆ ತೂಕ ಬಂದಿದೆ. 1819ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ಅವರು 1827ರ ಮಾರ್ಚ್ 5ರಂದು ಕೊನೆಯುಸಿರೆಳೆದರು. ಸಮಾಧಿ ಕೋಮೊ ಬಳಿಯ ಕಾಮ್ನಾಗೊದಲ್ಲಿದೆ. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ವಿಭವಾಂತರದ ಮೂಲಮಾನಕ್ಕೆ ವೋಲ್ಟ್ ಎಂಬ ಹೆಸರನ್ನು ಒಪ್ಪಿತು.

ಬಾಂಧವರೇ, ಎಂಟನೆಯ, ಒಂಬತ್ತನೆಯ ತರಗತಿಗೆ ಬರುತ್ತಲೇ ವಿಜ್ಞಾನ ನಮಗಲ್ಲ ಎಂದು ಕೈಬಿಡುವ ಮಕ್ಕಳು ನಮ್ಮ ನಡುವೆ ಇದ್ದಾರೆ. ಹೆಚ್ಚು ಓದಿದರೆ ಮಗ ದೇವಾಲಯ ಮರೆತಾನೆಂದು ಅಂಜುವ ಹಿರಿಯರೂ ಇದ್ದಾರೆ. ವೋಲ್ಟಾ ಅವರ ಬಾಳು ಇಬ್ಬರಿಗೂ ಉತ್ತರ ಕೊಡುತ್ತದೆ. ಬಾಯಿಪಾಠದಲ್ಲಿ ಸೋತ ಮಗು ಕೈಕೆಲಸದಲ್ಲಿ ಗೆಲ್ಲಬಹುದು. ತಾಮ್ರದ ತಗಡಿನ ತುಂಡುಗಳು, ಸತುವಿನ ಲೇಪವಿರುವ ವಾಶರುಗಳು, ಉಪ್ಪುನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಚೂರುಗಳು ಸಾಕು. ಐದಾರು ಜೊತೆ ಪೇರಿಸಿ ಎರಡು ತುದಿಗಳಿಗೆ ಪುಟ್ಟ ಕೆಂಪು ಎಲ್‌ಇಡಿ ತಾಗಿಸಿದರೆ ಮಿಣುಕುತ್ತದೆ. ಮಿಣುಕದಿದ್ದರೆ ಅದರ ಕಾಲುಗಳನ್ನು ಅದಲುಬದಲು ಮಾಡಿ ನೋಡಬೇಕು. ಮನೆಯ ಕರೆಂಟಿನ ಪ್ಲಗ್ಗಿನ ಹತ್ತಿರ ಮಾತ್ರ ಇಂಥ ಯಾವ ಆಟವೂ ಬೇಡ.

ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ, ಬಲಿಪೂಜೆಯ ನಂತರ, ಧರ್ಮೋಪದೇಶದ ಮಕ್ಕಳೊಡನೆ ಇದನ್ನು ಮಾಡಿ ನೋಡಲು ನಮ್ಮಲ್ಲಿರುವ ಶಿಕ್ಷಕ ಶಿಕ್ಷಕಿಯರು ಮುಂದೆ ಬರಲಿ ಎಂದು ಕೋರುತ್ತೇವೆ. ಯಾವ ಭಾಷೆಯ ಶಾಲೆಯಲ್ಲಿ ಓದುವ ಮಗುವಾದರೂ ಸರಿ, ವಿವರಣೆ ಕನ್ನಡದಲ್ಲಿರಲಿ. ಸೃಷ್ಟಿಯನ್ನು ಅರಿಯುವ ಬುದ್ಧಿಯನ್ನು ಕೊಟ್ಟ ದೇವರು ನಮ್ಮ ಮಕ್ಕಳನ್ನೂ ಅವರಿಗೆ ಕಲಿಸುವವರನ್ನೂ ಹರಸಲಿ.